ಮಾವಿನ ಮರದ ಬದನಿಕೆ

"ಕಿತ್ತಾಕು ಅಂದ್ರೆ ಕಿತ್ತಾಕಬೇಕು! ನನ್ನ ಮರದ ಕೊಂಬೆ ಒಣಗ್ತಾ ಐತೆ, ನೀನು ಈ ಸನಿಗೆ ನೀರು ಚಿಮುಕಿಸ್ಕಂಡು ನಿಂತಿದ್ದೀಯಲ್ಲೇ, ನಾಚ್ಕೆ ಆಗಕಿಲ್ವಾ?"

"ಅದು ಬದನಿಕೆ ಅಲ್ಲ ಅಕ್ಕಯ್ಯ. ಎಷ್ಟು ಸಲ ಹೇಳೂದು? ಸೀತೆದಂಡೆ ಅದು. ಮರಕ್ಕೆ ಎಂತದೂ ಮಾಡೂದಿಲ್ಲ."

"ಎಂತದೂ ಅಂತೆ, ಎಂತದೂ! ಮರದ ಮ್ಯಾಲೆ ಕುಂತ್ಕಂಡು ಮರದ ರಸ ಹೀರ್ದೆ ಇನ್ನೇನು ಗಾಳಿ ಕುಡ್ಕಂಡು ಬದುಕ್ತದಾ?"

"ಹೌದು. ಗಾಳಿ ಕುಡ್ದೇ ಬದುಕ್ತದೆ."

"ಕೇಳಿದ್ರಾ ಇವ್ಳ ಮಾತಾ! ಹಂಗಿದ್ರೆ ನೀನೂ ಗಾಳಿ ಕುಡ್ಕಂಡಿರು. ಮೂರು ಹೊತ್ತು ನನ್ನ ಮುದ್ದೆ ಯಾಕೆ ನುಂಗ್ತೀಯೆ?"

ಬೇಲಿಯ ಆಚೆ ನಿಂತಿದ್ದ ನಾಲ್ಕು ಜನ ನಕ್ಕರು. ಚಿಕ್ಕಲಕ್ಷ್ಮಮ್ಮನಿಗೆ ಬೇಕಾಗಿದ್ದದ್ದೂ ಅದೇ. ಕೈಯಲ್ಲಿದ್ದ ಕುಡುಗೋಲನ್ನು ಇನ್ನೂ ಒಂದು ಗೇಣು ಮೇಲಕ್ಕೆತ್ತಿದಳು. ಎದುರಿಗೆ ದುಗ್ಗಮ್ಮ ಮಾವಿನ ಮರಕ್ಕೆ ಬೆನ್ನು ಕೊಟ್ಟು, ಖಾಲಿ ಚೊಂಬು ಹಿಡಿದು ನಿಂತಿದ್ದಳು. ಚಿಕ್ಕಲಕ್ಷ್ಮಮ್ಮನಿಗೆ ಮೂವತ್ತೈದು, ದುಗ್ಗಮ್ಮನಿಗೆ ಇಪ್ಪತ್ತು. ಇಬ್ಬರಿಗೂ ಗಂಡ ಒಬ್ಬನೇ, ಗಾಡಿ ಮುನಿಶಾಮಯ್ಯ.

ಗುಡೇಮಾರನಹಳ್ಳಿಯ ಯಾರನ್ನು ಕೇಳಿದರೂ ಬದನಿಕೆ ಎಂದರೇನು ಎಂದು ಹೇಳುತ್ತಾರೆ. ಹಕ್ಕಿ ಅದರ ಹಣ್ಣು ತಿಂದು ಕೊಂಬೆಗೆ ಕೊಕ್ಕು ಒರೆಸುತ್ತದೆ. ಬೀಜ ಅಲ್ಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದು ತೊಗಟೆ ಸೀಳಿ ಮರದೊಳಕ್ಕೇ ಬೇರು ಇಳಿಸಿ, ಮರ ತನಗೆಂದು ಮೇಲೆ ಎಳೆದುಕೊಂಡ ನೀರನ್ನು ದಾರಿಯಲ್ಲೇ ಕುಡಿದುಬಿಡುತ್ತದೆ. ಅಲ್ಲಿಂದ ಮುಂದಿನ ಕೊಂಬೆ ಒಣಗುತ್ತದೆ. ಬಿಟ್ಟರೆ ಮರವೇ ಹೋಗುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ, ಮಾವು ಹೂವಾಗುವ ಮುಂಚೆ, ಮನೆಮನೆಯವರೂ ಮರ ಹತ್ತಿ ಬದನಿಕೆ ಕಡಿದು ಆಡಿಗೆ ಹಾಕುತ್ತಾರೆ. ಆಡಿಗೆ ಅದು ಹಬ್ಬದೂಟ. ಈ ಒಣ ಸೀಮೆಯಲ್ಲಿ ಮರದ ಮೇಲೆ ಬದುಕುವ ಹಸಿರು ಇನ್ನೊಂದಿಲ್ಲ. ಆದ್ದರಿಂದ ಮರದ ಮೇಲೆ ಏನು ಕಂಡರೂ ಅದು ಬದನಿಕೆಯೇ, ಕಂಡ ಕೂಡಲೇ ಕಡಿಯುವುದೇ.

ಮುನಿಶಾಮಯ್ಯ ಎತ್ತುಗಳನ್ನು ಹೊಡೆದುಕೊಂಡು ಹಟ್ಟಿಗೆ ಬಂದವನು ಜಗಳ ಕಂಡು ನಿಂತ. ಹಿಂದಕ್ಕೆ ಹೋಗಲು ದಾರಿ ಇದ್ದಿದ್ದರೆ ಹೋಗುತ್ತಿದ್ದ.

"ಏನ್ರೇ ಇದು, ಊರೆಲ್ಲ ಸೇರ್ಸಿದ್ದೀರಾ?"

"ನೋಡಯ್ಯ, ಆ ಮ್ಯಾಲ್ಗಡೆ ಕೊಂಬೆ ನೋಡು. ಎಲೆ ಸೀದೋಗೈತೆ. ನೀನೇ ಹೇಳು ಈವತ್ತು. ಮರ ಬೇಕಾ, ಇವ್ಳ ಬದನಿಕೆ ಬೇಕಾ?"

ಮುನಿಶಾಮಯ್ಯ ಮರ ನೋಡಿದ. ಇಬ್ಬರ ಮುಖವನ್ನೂ ನೋಡಲಿಲ್ಲ. ತಲೆವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡ.

"ಹೂವಾಯ್ತದೆ ಅಂತಳಲ್ಲ ಅವ್ಳು. ಮುಂಗಾರಿನ ಮೊದ್ಲನೇ ಮಳೆಗಂಟ ಇರ್ಲಿ ಬುಡು. ಹೂವಾದ್ರೆ ಇದ್ಕಳ್ಳಿ. ಆಗ್ದಿದ್ರೆ ನಾನೇ ಕಿತ್ತಾಕ್ತೀನಿ."

"ಮಳೆಗಂಟ! ಅಷ್ಟೊತ್ತಿಗೆ ಮರಾನೇ ಇರಕಿಲ್ಲ," ಎಂದಳು ಚಿಕ್ಕಲಕ್ಷ್ಮಮ್ಮ. ಕುಡುಗೋಲನ್ನು ಹಟ್ಟಿಯ ಸೂರಿಗೆ ಸಿಕ್ಕಿಸಿ ಒಳಗೆ ಹೋದಳು. ಜಗಳದಲ್ಲಿ ಸೋತಿರಲಿಲ್ಲ. ಆದರೆ ಗಂಡ ಆ ಗಿಡಕ್ಕೆ ವಾಯಿದೆ ಕೊಟ್ಟನಲ್ಲ! ತನಗೆ ಯಾವತ್ತು ಯಾವುದಕ್ಕೆ ವಾಯಿದೆ ಕೊಟ್ಟಿದ್ದ?

ಇದಕ್ಕೂ ಮುಂಚೆ ಮುನಿಶಾಮಯ್ಯ ಎರಡು ವರ್ಷ ಮನೆಯಲ್ಲಿರಲಿಲ್ಲ. ಘಟ್ಟದ ಕಾಡಿನಲ್ಲಿ ನಾಟಾ ದಿಮ್ಮಿ ಸಾಗಿಸುವ ಗುತ್ತಿಗೆದಾರನೊಬ್ಬ ಒಳ್ಳೆಯ ಎತ್ತಿನ ಗಾಡಿಗಳನ್ನು ಹುಡುಕಿಕೊಂಡು ಮಾಗಡಿಯವರೆಗೂ ಬಂದಿದ್ದ. ಇವನು ಗಾಡಿ ಕಟ್ಟಿಕೊಂಡು ಹೋದ. ಹೊಲ, ಮನೆ, ಆಡು, ಮರ ಎಲ್ಲವನ್ನೂ ಚಿಕ್ಕಲಕ್ಷ್ಮಮ್ಮ ಒಬ್ಬಳೇ ನೋಡಿಕೊಂಡಳು. ಇದ್ದ ಒಬ್ಬ ಮಗಳನ್ನು ಬೈರಾಪಟ್ಟಣಕ್ಕೆ ಕೊಟ್ಟು ಮದುವೆ ಮಾಡುವ ಹೊತ್ತಿಗೂ ಅವನು ಬಂದದ್ದು ಮೂರೇ ದಿನ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಗಾಡಿಯ ಗೆಜ್ಜೆ ಕೇಳಿಸಿತು. ಪಾತ್ರೆ ತಿಕ್ಕುತ್ತಿದ್ದವಳು ಬೂದಿಗೈಯಲ್ಲೇ ಬಾಗಿಲಿಗೆ ಓಡಿದಳು. ಗಾಡಿಯಲ್ಲಿ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡ ಒಬ್ಬ ಹುಡುಗಿ ಕೂತಿದ್ದಳು. ಮಡಿಲಲ್ಲಿ ಪಾಚಿ ಸುತ್ತಿದ ಏನೋ ಒಂದು ಗಂಟು.

"ಇವ್ಳು ದುಗ್ಗಮ್ಮ. ಇನ್ಮ್ಯಾಕೆ ಇಲ್ಲೇ ಇರ್ತಾಳೆ," ಎಂದ ಮುನಿಶಾಮಯ್ಯ, ನೊಗ ಇಳಿಸುತ್ತ.

ಚಿಕ್ಕಲಕ್ಷ್ಮಮ್ಮ ಏನು ಮಾಡಿದಳು ಗೊತ್ತೇ? ಕಾಲಿಗೆ ನೀರು ಕೊಟ್ಟಳು. ಮನೆಗೆ ಬಂದವರಿಗೆ ಕೊಟ್ಟು ಕೊಟ್ಟು ಕೈಗೆ ಅಭ್ಯಾಸವಾಗಿತ್ತು, ಕೊಟ್ಟುಬಿಟ್ಟಿತು. ಆಮೇಲೆ ಎಷ್ಟೋ ದಿನ ಆ ಕೈಯನ್ನೇ ನೋಡಿಕೊಂಡು ಹಲ್ಲು ಕಡಿದಳು.

ಗಂಟಿನಲ್ಲಿದ್ದದ್ದು ಒಂದು ಗಿಡ. ಗಿಡವೂ ಅಲ್ಲ, ಬಳ್ಳಿಯೂ ಅಲ್ಲ. ಚಕ್ಕಳದ ಹಾಗೆ ದಪ್ಪನೆಯ ಎಲೆ, ಕೆಳಗೆ ನೂಲಿನುಂಡೆ ಬಿಚ್ಚಿದಂತೆ ಬಿಳಿ ಬೇರು. ದುಗ್ಗಮ್ಮ ಬಂದ ಮೂರನೆಯ ದಿನವೇ ಯಾರನ್ನೂ ಕೇಳದೆ ಅದನ್ನು ಹಿತ್ತಲ ಮಾವಿನ ಕೊಂಬೆಗೆ ನಾರಿನಲ್ಲಿ ಕಟ್ಟಿದಳು. ನಮ್ಮ ಕಡೆ ಮದುವೆಗೆ ಮುಡಿಯುವ ಹೂವು, ನಮ್ಮ ಹಿತ್ತಲ ಹಲಸಿನ ಮರದ್ದು, ಎಂದಳು.

ಸವತಿ ಬಂದದ್ದು ಊರಿಗೆ ಹೊಸದಲ್ಲ. ಐದಾರು ಮನೆಗಳಲ್ಲಿ ಇಬ್ಬಿಬ್ಬರಿದ್ದರು. ಗಂಡು ಮಗು ಬೇಕು ಎಂದು ಕಟ್ಟಿಕೊಂಡಿದ್ದರೆ ಚಿಕ್ಕಲಕ್ಷ್ಮಮ್ಮ ನಾಲ್ಕು ದಿನ ಅತ್ತು ಐದನೆಯ ದಿನ ಸುಮ್ಮನಾಗುತ್ತಿದ್ದಳೇನೋ. ಅವಳನ್ನು ಸುಟ್ಟದ್ದು ಅದಲ್ಲ. ಮುನಿಶಾಮಯ್ಯ ಆ ಹುಡುಗಿಯ ಮಾತು ಕೇಳುತ್ತ ಕೂರುತ್ತಿದ್ದ. ಹದಿನೆಂಟು ವರ್ಷದ ಸಂಸಾರದಲ್ಲಿ ಇವಳು ಆಡಿದ ಮಾತಿಗೆ ಅವನು ಹೂಂ ಅಂದದ್ದೇ ಹೆಚ್ಚು. ಅಂಥವನು ಈಗ ಸಂಜೆಯಾದರೆ ಜಗಲಿಯಲ್ಲಿ ಅವರೆಕಾಯಿಯ ರಾಶಿ ಮುಂದಿಟ್ಟುಕೊಂಡು, ಸುಲಿಯುವುದನ್ನೂ ಮರೆತು, ಬಾಯಿ ಬಿಟ್ಟುಕೊಂಡು ಕೂರುತ್ತಿದ್ದ.

ಚಿಕ್ಕಲಕ್ಷ್ಮಮ್ಮ ಅಡುಗೆಮನೆಯ ಗೋಡೆಗೆ ಒರಗಿ ತನ್ನ ಪಾಲಿನ ಅವರೆಕಾಯಿ ಸುಲಿಯುತ್ತಿದ್ದಳು. ಗೋಡೆಯಲ್ಲಿ ಆಚೆಗೂ ತೆರೆದ ಒಂದು ಗೂಡು ಇತ್ತು. ಅದರಿಂದ ಜಗಲಿಯ ಮಾತೆಲ್ಲ ಕೇಳಿಸುತ್ತಿತ್ತು. ಕೇಳಬಾರದು ಎಂದು ದಿನವೂ ಅಂದುಕೊಳ್ಳುತ್ತಿದ್ದಳು. ದಿನವೂ ಅಲ್ಲೇ ಬಂದು ಕೂರುತ್ತಿದ್ದಳು.

"ನಿಂಗೆ ಕಂಡಿದ್ದು ಗಾಡಿದಾರಿ ಮಾತ್ರ," ಎನ್ನುತ್ತಿದ್ದಳು ದುಗ್ಗಮ್ಮ ಗಂಡನಿಗೆ. "ಒಳಗೆ ಹೋದ್ರೆ ಹೊತ್ತು ಎಷ್ಟಾಯ್ತು ಅಂತಲೇ ತಿಳಿಯೂದಿಲ್ಲ. ಆಕಾಶ ಕಾಣೂದಿಲ್ಲ ಅಲ್ಲಿ. ಮರದ ಮೇಲೆ ಮರ, ಅದರ ಮೇಲೆ ಬಳ್ಳಿ, ಬಳ್ಳಿ ಮೇಲೆ ಇನ್ನೊಂದು ಗಿಡ. ಮಳೆ ಶುರುವಾದ್ರೆ ಮೊದಲು ಸದ್ದು ಮಾತ್ರ ಬರ್ತದೆ. ಅರ್ಧ ಗಳಿಗೆ ನೀರು ಕೆಳಗೆ ಬೀಳೂದಿಲ್ಲ, ಎಲೆಗಳೇ ಹಿಡ್ಕೊಳ್ತವೆ. ಆಮೇಲೆ ಮಳೆ ನಿಲ್ತದೆ, ಆಗ ಮರ ಸುರಿಯೂಕೆ ಶುರು ಮಾಡ್ತದೆ."

"ಮಳೆ ನಿಂತ ಮ್ಯಾಲಾ?"

"ಹೌದು ಮಾರಾಯ. ಆಕಾಶದ್ದು ಒಂದು ಮಳೆ, ಮರದ್ದು ಒಂದು ಮಳೆ."

ಚಿಕ್ಕಲಕ್ಷ್ಮಮ್ಮನ ಕೈ ಅವರೆಕಾಯಿಯ ಮೇಲೆ ನಿಂತುಬಿಡುತ್ತಿತ್ತು. ಈ ಊರಲ್ಲಿ ಒಂದು ಮಳೆಗೇ ಜನ ಆಕಾಶಕ್ಕೆ ಕಣ್ಣು ಹಾಕಿಕೊಂಡು ಕೂತಿರುತ್ತಾರೆ, ಅಲ್ಲಿ ಮಳೆ ಎರಡು. ಸುಳ್ಳಿ, ಎಂದುಕೊಂಡಳು. ಆದರೆ ಎಲೆಗಳು ನೀರು ಹಿಡಿದುಕೊಂಡು ನಿಂತದ್ದು ಕಣ್ಣ ಮುಂದೆ ಬರುತ್ತಿತ್ತು.

ಹುಡುಗಿ ಇನ್ನೂ ಏನೇನೋ ಹೇಳುತ್ತಿದ್ದಳು. ಎಲೆಯ ತುದಿಯಲ್ಲಿ ನಿಂತು ಮನುಷ್ಯರ ಉಸಿರಿನ ಬಿಸಿಗೆ ತಲೆ ಆಡಿಸುವ ಇಂಬಳಗಳು, ಅವು ರಕ್ತ ಕುಡಿದು ಕಳಚಿಕೊಂಡರೂ ನಮಗೆ ಗೊತ್ತಾಗದ್ದು. ಮೈ ಕರ್ರಗೆ, ಮುಖದ ಸುತ್ತ ನರೆತ ಕೂದಲು ಇರುವ ಸಿಂಗಳೀಕ, ಅದು ನೆಲಕ್ಕೆ ಇಳಿಯುವುದೇ ಅಪರೂಪ ಎಂಬುದು. ಮಳೆಗಾಲದಲ್ಲಿ ಬಿದ್ದ ಮರದ ಕೊಳೆತ ದಿಮ್ಮಿ ಕತ್ತಲಲ್ಲಿ ಬೆಳ್ಳಗೆ ಹೊಳೆಯುವುದು. ಒಂದು ದಿನ ಆಲದ ಜಾತಿಯ ಒಂದು ಮರದ ಸಂಗತಿ ಬಂತು. ಅದು ಇನ್ನೊಂದು ಮರದ ನೆತ್ತಿಯ ಮೇಲೆ ಹುಟ್ಟುತ್ತದಂತೆ. ಅಲ್ಲಿಂದ ಬೇರು ಕೆಳಕ್ಕೆ ಬಿಟ್ಟು, ಆ ಮರವನ್ನು ಸುತ್ತಲೂ ತಬ್ಬಿಕೊಂಡು ಬೆಳೆಯುತ್ತದಂತೆ. ಕೊನೆಗೆ ಒಳಗಿನ ಮರ ಸತ್ತು, ಕೊಳೆತು, ಪುಡಿಯಾಗಿ ಹೋಗಿ, ತಬ್ಬಿಕೊಂಡದ್ದು ಮಾತ್ರ ನಿಂತಿರುತ್ತದಂತೆ.

ಗೋಡೆಯ ಈಚೆ ಚಿಕ್ಕಲಕ್ಷ್ಮಮ್ಮ ಎದ್ದು ಹಿತ್ತಲಿಗೆ ಹೋಗಿ ಮಾವಿನ ಮರದ ಮೇಲೆ ಕಟ್ಟಿದ ಗಿಡವನ್ನೇ ನೋಡುತ್ತ ನಿಂತಳು. ಬಿಳಿ ಬೇರೊಂದು ನಾರು ದಾಟಿ ತೊಗಟೆಯ ಮೇಲೆ ಬೆರಳುದ್ದ ಹರಿದಿತ್ತು.

ಇನ್ನೊಂದು ಸಂಜೆ ಮಂಗಟ್ಟೆ ಹಕ್ಕಿಯ ಮಾತು. ಕೊಕ್ಕಿನ ಮೇಲೊಂದು ಕೊಕ್ಕು ಇಟ್ಟಂಥ ದೊಡ್ಡ ಹಕ್ಕಿ, ಹಾರಿದರೆ ಕಮ್ಮಾರನ ತಿದಿ ಒತ್ತಿದ ಹಾಗೆ ಸದ್ದು. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಕೂತು, ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಗೆ ಚಾಚುವಷ್ಟು ಸಂದು ಮಾತ್ರ ಬಿಡುತ್ತದೆ. ಗಂಡು ಹಗಲೆಲ್ಲ ಹಣ್ಣು ತಂದು ತಂದು ಆ ಸಂದಿನಲ್ಲಿ ಕೊಡುತ್ತದೆ.

"ಎಷ್ಟು ದಿನ?" ಎಂದ ಮುನಿಶಾಮಯ್ಯ.

"ಮೂರು ಮೂರೂವರೆ ತಿಂಗಳು."

"ಅಬ್ಬಬ್ಬಾ! ಗಂಡು ಸತ್ತೋದ್ರೆ?"

"ಹೇಳ್ತೆ ಕೇಳು. ಒಂದು ವರ್ಷ ನಮ್ಮ ಗದ್ದೆ ಮೇಲಿನ ಮರದಲ್ಲಿ ಹೀಗೇ ಆಯ್ತು. ಗಂಡು ಬರೂದು ನಿಂತೋಯ್ತು. ಹೆಣ್ಣು ಒಳಗೇ—"

ಅಷ್ಟರಲ್ಲಿ ಒಳಗೆ ತಾಮ್ರದ ಕೊಳಗ ನೆಲಕ್ಕೆ ಬಿದ್ದು ಮನೆಯೆಲ್ಲ ಗಣಗಣ ಎಂದಿತು. ತಾನಾಗಿ ಬೀಳಲಿಲ್ಲ. ಮುನಿಶಾಮಯ್ಯ ಆಡಿದ "ಅಬ್ಬಬ್ಬಾ" ಚಿಕ್ಕಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. ಅವಳು ಹೆರಿಗೆಯಲ್ಲಿ ಎರಡು ದಿನ ಒದ್ದಾಡಿದಾಗಲೂ ಅವನು ಅಬ್ಬಬ್ಬಾ ಅಂದವನಲ್ಲ.

"ಎದ್ದೇಳ್ರೀ, ಊಟಕ್ಕೆ! ಹಕ್ಕಿ ಕತೆ ಹೇಳ್ಕಂಡ್ ಕುಂತ್ರೆ ಹೊಟ್ಟೆ ತುಂಬಕಿಲ್ಲ!"

ಕತೆ ಅಲ್ಲಿಗೆ ನಿಂತಿತು. ಮುನಿಶಾಮಯ್ಯ ಅದನ್ನು ಮತ್ತೆ ಕೇಳಲಿಲ್ಲ, ದುಗ್ಗಮ್ಮ ಹೇಳಲಿಲ್ಲ. ಮುದ್ದೆ ತಿರುವುತ್ತಿರುವಾಗ ಚಿಕ್ಕಲಕ್ಷ್ಮಮ್ಮನಿಗೆ ಒಂದೇ ಯೋಚನೆ, ಆ ಹಕ್ಕಿ ಏನಾಯಿತು? ತಾನೇ ಕೊಳಗ ಬೀಳಿಸಿ ತಾನೇ ಕೆಟ್ಟಳು. ಕೇಳುವುದು ಹೇಗೆ? ಕೇಳಿದರೆ ಗೂಡಿನ ಹಿಂದೆ ಕಿವಿ ಇಟ್ಟುಕೊಂಡು ಕೂತದ್ದು ಬಯಲಾಗುತ್ತದೆ. ಆ ಹುಡುಗಿಯ ಎದುರು ಅಷ್ಟು ಸಣ್ಣವಳಾಗುವುದಕ್ಕಿಂತ ತಿಳಿಯದೇ ಇರುವುದು ಮೇಲು ಎಂದುಕೊಂಡಳು.

ಮಾಘ ಕಳೆಯಿತು. ಬಿಸಿಲು ಏರಿತು. ದುಗ್ಗಮ್ಮನ ತುಟಿ ಒಡೆಯಿತು, ಹಿಮ್ಮಡಿ ಸೀಳಿ ರಕ್ತ ಬಂತು. "ಇಲ್ಲಿ ಗಾಳಿಗೇ ಬಾಯಾರಿಕೆ ಅಕ್ಕಯ್ಯ, ನಮ್ಮ ಮೈಯಿಂದ ಕುಡೀತದೆ," ಎಂದಳು ಒಂದು ದಿನ, ಕಣ್ಣಲ್ಲಿ ನೀರು ತುಂಬಿಕೊಂಡು. ಚಿಕ್ಕಲಕ್ಷ್ಮಮ್ಮ ಒಳಗೆ ಹೋಗಿ ಹರಳೆಣ್ಣೆ ಬಿಸಿ ಮಾಡಿ ತಂದು ಅವಳ ಮುಂದೆ ಕುಕ್ಕಿದಳು. "ಅಳ್ಬ್ಯಾಡ. ಹಚ್ಕಂಡು ಬಿಸ್ಲಲ್ಲಿ ಕುಂತ್ಕ ಒಸಿ. ಒಂದ್ ವರ್ಸ ಕಳುದ್ರೆ ಚರ್ಮ ಗಟ್ಟಿಯಾಯ್ತದೆ." ಹುಡುಗಿ ಎಣ್ಣೆ ಹಚ್ಚಿಕೊಳ್ಳುವಾಗ ಅವಳ ಪಾದ ನೋಡಿದಳು. ತನ್ನ ಮಗಳ ಪಾದದಷ್ಟೇ ಇತ್ತು. ಆವತ್ತು ಒಂದು ದಿನ ಮನೆಯಲ್ಲಿ ಜಗಳವಿರಲಿಲ್ಲ.

ಮಾರನೆಯ ಬೆಳಗ್ಗೆ ಎಲ್ಲ ಹಾಳಾಯಿತು. ಹಿಮ್ಮಡಿ ಒಡೆದ ಹುಡುಗಿ ಬಾವಿಗೆ ಹೋಗಬಾರದೆಂದು ಮುನಿಶಾಮಯ್ಯ ತಾನೇ ಕೊಡ ಎತ್ತಿಕೊಂಡು ಹೊರಟ. ಎಂಟಾಳು ಆಳದ ಬಾವಿ. ಅಲ್ಲಿಂದ ನೀರು ಸೇದಿ, ಹೆಂಗಸರ ನಡುವೆ ಗಂಡಸು ಕೊಡ ಹೊತ್ತುಕೊಂಡು ಬಂದ. ಬಂದವನು ಅಡುಗೆಗೆ ಇಡಲಿಲ್ಲ. ಹಿತ್ತಲಿಗೆ ಹೋಗಿ ಏಣಿ ಹಾಕಿ, ಬಾಯಿ ತುಂಬ ನೀರು ತುಂಬಿಕೊಂಡು, ಬಟ್ಟೆಗೆ ನೀರು ಊದುವ ಅಗಸನ ಹಾಗೆ ಆ ಗಿಡದ ಮೇಲೆ ಫುರ್ ಎಂದು ಊದಿದ. ಕೆಳಗೆ ನಿಂತ ದುಗ್ಗಮ್ಮ ಕಿಲಕಿಲ ನಕ್ಕಳು.

"ಬೇರಿಗೆ ಊದು, ಬೇರಿಗೆ! ಎಲೆಗಲ್ಲ!"

ಹಿತ್ತಲ ಬಾಗಿಲಲ್ಲಿ ಚಿಕ್ಕಲಕ್ಷ್ಮಮ್ಮ ಮೊರ ಹಿಡಿದು ನಿಂತಿದ್ದಳು. ಹದಿನೆಂಟು ವರ್ಷ. ಬಸುರಿಯಾಗಿದ್ದಾಗ, ಬಾಣಂತಿಯಾಗಿದ್ದಾಗ, ಚಳಿಜ್ವರ ಬಂದು ನಡುಗುತ್ತಿದ್ದಾಗ ಆ ಬಾವಿಯಿಂದ ನೀರು ತಂದವಳು ಅವಳು. ಒಂದೇ ಒಂದು ಕೊಡ ಅವನು ಹೊತ್ತು ತಂದದ್ದು ನೆನಪಿಲ್ಲ. ಈಗ ಒಂದು ಬದನಿಕೆಗೆ ಬಾಯಲ್ಲಿ ನೀರು ಊದುತ್ತಾನೆ.

"ಏನಯ್ಯ, ಮುದ್ದೆನೂ ಬಾಯಲ್ಲೇ ತಿನ್ನುಸ್ತೀಯಾ ಅದಕ್ಕೆ?" ಎಂದಳು. ಅವನ ಬಾಯಿ ತುಂಬ ನೀರಿತ್ತು.

ಆವತ್ತೇ ಅವಳಿಗೆ ಮರದ ತುದಿಯ ಒಣಗಿದ ಕೊಂಬೆ ಕಣ್ಣಿಗೆ ಬಿದ್ದದ್ದು. ಆವತ್ತೇ ಕುಡುಗೋಲು ತಂದದ್ದು. ಜಗಳ ಆದದ್ದು, ಗಂಡ ಮುಂಗಾರಿನವರೆಗೆ ವಾಯಿದೆ ಕೊಟ್ಟದ್ದು ಆಗಲೇ ಹೇಳಿಯಾಯಿತು.

ಯುಗಾದಿ ಮುಗಿದ ವಾರದಲ್ಲಿ ಮುನಿಶಾಮಯ್ಯ ಗಾಡಿ ಬಾಡಿಗೆ ಹೊಡೆಯಲು ಕನಕಪುರಕ್ಕೆ ಹೋದ. ದುಗ್ಗಮ್ಮ ಬಟ್ಟೆ ಒಗೆಯಲು ಕೆರೆಗೆ ಹೋದಳು. ಮನೆಯಲ್ಲಿ ಚಿಕ್ಕಲಕ್ಷ್ಮಮ್ಮ, ಒಂದು ಆಡು, ಮಾವಿನ ಮರ.

ಸೀರೆ ಕಚ್ಚೆ ಹಾಕಿ ಏಣಿ ಹತ್ತಿದಳು. ಬದನಿಕೆ ಕಡಿಯುವುದು ಅವಳಿಗೆ ಹೊಸದಲ್ಲ. ಅದು ಮರದೊಳಗೆ ಬೇರೂರಿರುತ್ತದೆ, ಕಿತ್ತರೆ ಬರುವುದಿಲ್ಲ, ಕೊಂಬೆಯ ಸಮೇತ ಕಡಿಯಬೇಕು. ಅದಕ್ಕೆಂದೇ ಮಚ್ಚು ತಂದಿದ್ದಳು. ಎಡಗೈಯಲ್ಲಿ ಗಿಡದ ಬುಡ ಹಿಡಿದು ಒಂದು ಸಲ ಎಳೆದು ನೋಡಿದಳು. ಪಟಪಟ ಎಂದು ಬೇರು ಕಳಚಿಕೊಂಡು ಗಿಡ ಪೂರಾ ಕೈಗೆ ಬಂತು. ಗೋಡೆಯ ಮೇಲಿನ ಒಣಗಿದ ಬೆರಣಿ ಎತ್ತಿದಷ್ಟು ಸುಲಭ. ಬೇರು ಇದ್ದ ಜಾಗದಲ್ಲಿ ತೊಗಟೆ ಹಾಗೇ ಇತ್ತು. ಗಾಯವಿಲ್ಲ, ರಸವಿಲ್ಲ, ಒಂದು ಗೀರೂ ಇಲ್ಲ.

ಅವಳು ಅದನ್ನು ನೋಡಿದಳು. ನೋಡಿದ್ದು ಮನಸ್ಸಿಗೆ ಇಳಿಯಲು ಬಿಡಲಿಲ್ಲ.

ಎಲೆಗಳ ಸಂದಿನಿಂದ ಇಲಿಯ ಬಾಲದಂಥದು ಒಂದು ಹೊರಗೆ ಇಣುಕಿತ್ತು. ಅದರ ಸುತ್ತ ಜೋಳದ ಕಾಳಿನಷ್ಟು ದಪ್ಪದ ಹಸಿರು ಮೊಗ್ಗುಗಳು. ಅದನ್ನು ಕಂಡ ಮೇಲೆ ಅವಳ ಕೈ ಇನ್ನೂ ಬಿಗಿಯಾಯಿತು. ಹೂವಾದರೆ ಇದ್ದುಕೊಳ್ಳಲಿ ಎಂದಿದ್ದನಲ್ಲ ಅವನು? ಗಿಡವನ್ನು ಏಣಿಯ ಮೇಲಿಂದ ಎಸೆದಳು. ಕಲ್ಲಿಗೆ ಬಡಿದು ನಡುವಿಗೆ ಮುರಿಯಿತು.

"ತಿನ್ನು, ನಿನ್ನ ಹಬ್ಬ," ಎಂದು ಆಡಿನ ಮುಂದೆ ತಳ್ಳಿದಳು. ಬದನಿಕೆ ಕಂಡರೆ ಹಗ್ಗ ಹರಿದುಕೊಂಡು ಬರುವ ಆಡು ಅದನ್ನು ಮೂಸಿತು, ಒಂದು ಎಲೆ ಕಚ್ಚಿ ಉಗುಳಿತು, ಮುಖ ತಿರುಗಿಸಿ ನಿಂತಿತು. ಚಿಕ್ಕಲಕ್ಷ್ಮಮ್ಮ ಆಡಿನ ಬೆನ್ನಿಗೆ ಒಂದು ಬಾರಿಸಿ, ಗಿಡವನ್ನು ಕಾಲಲ್ಲೇ ತಳ್ಳಿಕೊಂಡು ಹೋಗಿ ತಿಪ್ಪೆಗೆ ಹಾಕಿದಳು.

ದುಗ್ಗಮ್ಮ ಕೆರೆಯಿಂದ ಬಂದಳು. ಒದ್ದೆ ಬಟ್ಟೆ ಹರವುತ್ತ ಮರ ನೋಡಿದಳು. ಕೂಗಾಡುತ್ತಾಳೆ, ಆಗ ಬಾಯಿಗೆ ಬಾಯಿ ಕೊಡೋಣ ಎಂದು ಚಿಕ್ಕಲಕ್ಷ್ಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ತಯಾರಾಗಿದ್ದಳು. ಹುಡುಗಿ ಕೂಗಲಿಲ್ಲ. ಹಿತ್ತಲೆಲ್ಲ ಹುಡುಕಿ, ತಿಪ್ಪೆಯಿಂದ ಗಿಡ ಎತ್ತಿ, ನೀರಲ್ಲಿ ತೊಳೆದು, ಮುರಿದ ಜಾಗ ನೋಡಿದಳು.

"ಕುಡಿಯೇ ಹೋಗಿದೆ. ಇನ್ನು ಬರೂದಿಲ್ಲ," ಎಂದಳು, ಯಾರಿಗೋ ಹೇಳುವ ಹಾಗೆ. ಆಮೇಲೆ ಆ ಮೊಗ್ಗಿನ ಬಾಲವನ್ನು ಅಂಗೈಯಲ್ಲಿಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಸಂಜೆಯವರೆಗೂ ಏಳಲಿಲ್ಲ.

ಬೈದಿದ್ದರೆ ಚಿಕ್ಕಲಕ್ಷ್ಮಮ್ಮನಿಗೆ ಹಗುರವಾಗುತ್ತಿತ್ತು. ಈ ಮೌನ ಏನು ಮಾಡಿದರೂ ಇಳಿಯಲಿಲ್ಲ. ಮೂರು ದಿನ ಜಗಲಿಯಲ್ಲಿ ಕತೆಯಿರಲಿಲ್ಲ. ಗೂಡಿನ ಹತ್ತಿರ ಕೂತರೆ ಬೀದಿಯ ನಾಯಿ ಬೊಗಳುವುದು ಮಾತ್ರ ಕೇಳುತ್ತಿತ್ತು.

ನಾಲ್ಕನೆಯ ದಿನ ಮುನಿಶಾಮಯ್ಯ ಬಂದ. ಚಿಕ್ಕಲಕ್ಷ್ಮಮ್ಮ ತಾನೇ ಹೇಳಿದಳು, "ಕಿತ್ತಾಕ್ದೆ. ಮರ ಉಳೀಬೇಕಿತ್ತು, ಕಿತ್ತಾಕ್ದೆ. ಏನ್ ಮಾಡ್ತೀಯಾ?" ಅವನು ಏನೂ ಮಾಡಲಿಲ್ಲ. ದುಗ್ಗಮ್ಮನ ಕಡೆ ತಿರುಗಿ, "ಹೋಗ್ಲಿ ಬುಡಮ್ಮಿ. ಗಿಡ ತಾನೆ? ಮತ್ತೆ ಆ ಕಡೀಕೆ ಹೋದಾಗ ಇನ್ನೊಂದು ತಂದ್ರಾಯ್ತು," ಎಂದ. ದುಗ್ಗಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಚಿಕ್ಕಲಕ್ಷ್ಮಮ್ಮನಿಗೆ ಆ ನೋಟ ಗೊತ್ತಿತ್ತು. ಮದುವೆಯಾದ ಮೊದಲ ವರ್ಷ ತಾನೂ ಅವನನ್ನು ಹಾಗೇ ನೋಡಿದ್ದಳು.

ಮರುದಿನ ಹೊತ್ತು ನೆತ್ತಿಗೆ ಬರುವ ಮುಂಚೆ ಕರೀಂ ಸಾಬರು ಬಂದರು. ಚನ್ನಪಟ್ಟಣದ ಮಾವಿನ ವ್ಯಾಪಾರಿ. ಕಾಯಿ ಗೋಲಿ ಗಾತ್ರವಾದಾಗ ಊರೂರು ಸುತ್ತಿ ಮರ ನೋಡಿ ಫಸಲು ಮಾತಾಡಿಕೊಂಡು ಹೋಗುವುದು ಅವರ ವಾಡಿಕೆ. ವರ್ಷ ಐವತ್ತು ದಾಟಿದ್ದರೂ ಮರದ ವಿಷಯದಲ್ಲಿ ಬೇರೆಯವರ ಕಣ್ಣು ನಂಬುವವರಲ್ಲ. ಹಿತ್ತಲಿಗೆ ಬಂದು ಕೊಡೆ ಮಡಚಿ, ಮರವನ್ನು ಸುತ್ತು ಹಾಕಿ, ಕತ್ತೆತ್ತಿ ನೋಡಿದರು.

"ಏನಮ್ಮಾ ಇದು? ಬಂಗಾರದಂಥ ಮರ, ಬದನಿಕೆ ಬಿಟ್ಕೊಂಡು ಕೂತಿದೀರಲ್ಲ!"

"ಅಯ್ಯೋ, ಅದ್ನ ಕಿತ್ತಾಕಿ ಐದ್ ದಿನ ಆಯ್ತು ಸಾಬ್ರೆ."

"ಎಲ್ಲಿ ಕಿತ್ತಾಕಿದ್ರಿ? ಮೇಲೆ ನೋಡಿ. ತುದೀಲಿ ಪೊದೆ ಥರ ಕೂತಿದೆ ಹರಾಮ್‌ಖೋರ್."

ಚಿಕ್ಕಲಕ್ಷ್ಮಮ್ಮ ಕಣ್ಣಿಗೆ ಕೈ ಮರೆಮಾಡಿ ನೋಡಿದಳು. ಒಣಗಿದ ಕೊಂಬೆಯ ಬುಡದಲ್ಲಿ, ಮಾವಿನೆಲೆಗಳ ನಡುವೆ, ಮಾವಿನೆಲೆಯಂಥವೇ ಆದರೆ ಸ್ವಲ್ಪ ಬೂದು ಬಣ್ಣದ ಎಲೆಗಳ ಒಂದು ದಟ್ಟ ಗುಪ್ಪೆ ಇತ್ತು. ಅಷ್ಟು ದಿನ ಆ ಮರದ ಕೆಳಗೆ ನಿಂತು ಮೇಲೆ ನೋಡಿದ್ದಾಳೆ. ನೋಡಿದ್ದೆಲ್ಲ ಕೆಳಗಿನ ಕೊಂಬೆಯ ಆ ಒಂದು ಗಿಡವನ್ನೇ.

ಸಾಬರು ಲುಂಗಿ ಎತ್ತಿ ಕಟ್ಟಿ, ಮಚ್ಚು ಈಸಿಕೊಂಡು ತಾವೇ ಹತ್ತಿದರು. ಮುನಿಶಾಮಯ್ಯ ಬಂದು ನಿಂತ. ದುಗ್ಗಮ್ಮ ಹಿತ್ತಲ ಬಾಗಿಲಿಗೆ ಬಂದಳು. ನಾಲ್ಕೇಟಿಗೆ ಕೊಂಬೆ ಮುರಿದು ಕೆಳಗೆ ಬಿತ್ತು. ಬದನಿಕೆಯ ಬುಡ ಕೊಂಬೆಯೊಳಗೆ ಮುಷ್ಟಿ ಗಾತ್ರದ ಗಂಟಾಗಿ ಹೂತುಹೋಗಿತ್ತು. ಎಲ್ಲಿ ಮರ ಮುಗಿಯಿತು, ಎಲ್ಲಿ ಅದು ಶುರುವಾಯಿತು ಎಂದು ಹೇಳಲಾಗುತ್ತಿರಲಿಲ್ಲ. ಅಷ್ಟರಲ್ಲಿ ಆಡು ಗೂಟ ಕಿತ್ತುಕೊಂಡು ಓಡಿಬಂದು, ಯಾರು ಅಟ್ಟಿದರೂ ಬಿಡದೆ ಬದನಿಕೆಯ ಎಲೆಯನ್ನು ಚರಚರ ಮೇಯತೊಡಗಿತು.

ಆಡು ಮೇಯುವ ಸದ್ದೊಂದೇ.

"ಅದ್ರದ್ದೇ ಮರಿ ಇರ್ಬೇಕು ಇದು," ಎಂದಳು ಚಿಕ್ಕಲಕ್ಷ್ಮಮ್ಮ. "ಇವ್ಳು ತಂದಿದ್ದ ಗಿಡದಿಂದ್ಲೇ ಹಬ್ಬೈತೆ."

ಕರೀಂ ಸಾಬರಿಗೆ ಮನೆಯ ಕತೆ ಏನು ಗೊತ್ತು? ಮರದಿಂದ ಇಳಿದು ಕೈ ಝಾಡಿಸಿಕೊಂಡು ನಕ್ಕರು. "ಏನ್ ಮಾತಮ್ಮಾ! ಗಂಟು ನೋಡಿ. ಕಮ್ಮಿ ಅಂದ್ರೆ ಎರಡು ವರ್ಸ ಆಗಿದೆ ಇದು ಹತ್ತಿ. ಯಜಮಾನ್ರು ಊರಲ್ಲಿರ್ಲಿಲ್ಲ, ನೀವು ವರ್ಸಾ ವರ್ಸಾ ಸರಿಯಾಗಿ ನೋಡ್ಲಿಲ್ಲ, ಅಷ್ಟೆ."

ಅಷ್ಟು ಹೇಳಿ, ಫಸಲಿನ ಮಾತು ಇನ್ನೊಂದು ದಿನ ಆಡೋಣ ಎಂದು ಕೊಡೆ ಬಿಚ್ಚಿಕೊಂಡು ಹೊರಟುಹೋದರು.

ದುಗ್ಗಮ್ಮ ಗಂಡನನ್ನು ನೋಡಿದಳು. ಈಗಲಾದರೂ ಏನಾದರೂ ಹೇಳುತ್ತಾನೋ ಎಂದು ಕಾದಳು. ಮಾತಾಡಲೇಬೇಕಾದ ಹೊತ್ತಿನಲ್ಲಿ ಮುನಿಶಾಮಯ್ಯ ಎತ್ತಿಗೆ ಹುಲ್ಲು ಹಾಕಲು ಹೋದ. ಅಂಥ ಗಂಡಸರಿಗೆ ಎತ್ತಿನ ಹಸಿವು ಆಗಲೇ ನೆನಪಾಗುವುದು.

ದುಗ್ಗಮ್ಮ ಒಳಗೆ ಹೋದಳು. ಬಂದಾಗ ಉಟ್ಟಿದ್ದ ಸೀರೆ, ಒಂದು ಕಂಬಳಿ, ಬಾಚಣಿಗೆ. ಗಂಟು ಕಟ್ಟಿಕೊಳ್ಳಲು ಹೆಚ್ಚು ಹೊತ್ತಾಗಲಿಲ್ಲ. ಒಣಗಿದ ಮೊಗ್ಗಿನ ಬಾಲವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬಂದ ದಿನದ ಹಾಗೇ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡಳು. ಜಗಲಿ ದಾಟಿ ಅಂಗಳಕ್ಕೆ ಬಂದಳು.

"ಎಲ್ಲಿಗೆ ಹೊಂಟೆ?" ಎಂದಳು ಚಿಕ್ಕಲಕ್ಷ್ಮಮ್ಮ.

"ಕ್ಲೋಸ್‌ಪೇಟೆಗೆ. ಅಲ್ಲಿ ರೈಲು ಸಿಗ್ತದೆ."

"ದಾರಿ ಗೊತ್ತಾ ನಿಂಗೆ?"

"ಕೇಳ್ಕೊಂಡು ಹೋಗ್ತೆ."

ಇಷ್ಟೇ ತಾನೆ ಚಿಕ್ಕಲಕ್ಷ್ಮಮ್ಮ ಐದು ತಿಂಗಳಿಂದ ಬೇಡಿಕೊಂಡದ್ದು? ಹೋಗಲಿ, ಹಾಳಾಗಲಿ ಎಂದು ಎಷ್ಟು ಸಲ ನೆಟಿಕೆ ಮುರಿದಿದ್ದಳು. ಈಗ ಆ ಹುಡುಗಿ ಬೇಲಿಯ ತಡಿಕೆ ತೆಗೆಯುವಾಗ ಅವಳ ಕಾಲು ತಾನಾಗಿ ಮೂರು ಹೆಜ್ಜೆ ಮುಂದೆ ಬಂತು.

"ಲೇ ಅಮ್ಮಿ, ನಿಂತ್ಕ."

ದುಗ್ಗಮ್ಮ ನಿಂತಳು.

ತಪ್ಪಾಯಿತು ಎನ್ನಬಹುದಿತ್ತು. ಇರು ಎನ್ನಬಹುದಿತ್ತು. ಎರಡೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಆ ಹಕ್ಕಿ ಏನಾಯ್ತು?"

"ಎಂತ ಹಕ್ಕಿ?"

"ಅದೇ, ಬಾಗ್ಲು ಮೆತ್ಕಂಡು ಪೊಟರೇಲಿ ಕುಂತಿತ್ತಲ್ಲ. ಗಂಡು ಬರದು ನಿಂತೋಯ್ತು ಅಂದ್ಯಲ್ಲ. ಆಮ್ಯಾಕೆ ಏನಾಯ್ತು ಅದು?"

ಹುಡುಗಿ ಅವಳನ್ನು ನೋಡಿದಳು. ಬಿಸಿಲಿಗೆ ಕಣ್ಣು ಕಿರಿದಾಗಿತ್ತು, ತುಟಿಯ ಬಿರುಕಿನಲ್ಲಿ ಇನ್ನೂ ಹರಳೆಣ್ಣೆಯ ಹೊಳಪಿತ್ತು.

"ಕೇಳ್ತಿದ್ರಾ ನೀವು? ಒಳಗೆ ಕೂತು?"

ಚಿಕ್ಕಲಕ್ಷ್ಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೊರಗೆ ಬಂದು ಕೂತಿದ್ರೆ ಹೇಳ್ತಿದ್ನಲ್ಲ ಅಕ್ಕಯ್ಯ," ಎಂದಳು ದುಗ್ಗಮ್ಮ. ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ತಡಿಕೆಯನ್ನು ಮತ್ತೆ ಸರಿಯಾಗಿ ಮುಚ್ಚಿ, ಕೆರೆ ಏರಿಯ ಕಡೆ ನಡೆದಳು.

ಕೆರೆ ಏರಿಯವರೆಗೆ ಹೋಗಿ ತಿರುಗುತ್ತಾಳೆ, ಈ ಬಿಸಿಲಿನಲ್ಲಿ ಅವಳಿಂದ ನಡೆಯಲಾಗುವುದಿಲ್ಲ ಎಂದು ಚಿಕ್ಕಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದಳು. ಒದ್ದೆ ಬಟ್ಟೆ ಹಾಕಿದ ತಲೆ ಏರಿಯ ಮೇಲೆ ಒಂದು ಸಲ ಕಾಣಿಸಿತು. ಆಮೇಲೆ ಆಚೆ ಇಳಿಯಿತು. ಮುಂಗಾರಿನ ಮೊದಲ ಮಳೆ ಬಂತು, ಎರಡನೆಯದೂ ಬಂತು. ದುಗ್ಗಮ್ಮ ಬರಲಿಲ್ಲ.